ಗಂಗಾವತಿ ಮನೆಗೆ ಯಾವ ಕನ್ಸೋಲ್?

ಗಂಗಾವತಿಯಿಂದ ಅಕ್ಕನ ಮಗ ಕೇಳಿದ್ದಾನೆ: "ಮಾವ, ಪಿಎಸ್5 ತಗೊಳ್ಳಲಾ, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ತಗೊಳ್ಳಲಾ, ಸ್ವಿಚ್ ತಗೊಳ್ಳಲಾ?" ಮೂರೂ ವಿಡಿಯೋ ಗೇಮ್ ಆಡುವ ಯಂತ್ರಗಳು: ಪಿಎಸ್5 ಸೋನಿಯದು, ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟ್‌ನದು, ಸ್ವಿಚ್ ನಿಂಟೆಂಡೊದು.

ಮೊದಲು ಆಟದ ಡಿಸ್ಕ್ ವಿಚಾರ ನೋಡಪ್ಪಾ, ದುಡ್ಡು ಉಳಿಯೋದು ಅಲ್ಲೇ. 2013ರಲ್ಲಿ ಮೈಕ್ರೋಸಾಫ್ಟ್ ಹಳೇ ಡಿಸ್ಕ್ ಸುಲಭವಾಗಿ ಕೈಬದಲಾಗದಂತೆ ನಿರ್ಬಂಧ ಹಾಕಲು ಹೊರಟಿತು. ಅದರ ಆಗಿನ ಹೊಸ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಬೆಲೆ 499 ಡಾಲರ್. ಸೋನಿ ತನ್ನ ಪಿಎಸ್4 ಅನ್ನು 399ಕ್ಕೇ ಕೊಟ್ಟು, ಡಿಸ್ಕ್ ಯಾರಿಗಾದರೂ ಕೊಡಿ ಎಂದಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಹಿಂದೆ ಸರಿದರೂ ಆ ಸುತ್ತಿನಲ್ಲಿ ಸೋನಿಯನ್ನು ಹಿಡಿಯಲಾಗಲಿಲ್ಲ. ಆಡಿ ಮುಗಿಸಿದ್ದನ್ನು ಗೆಳೆಯರಿಗೆ ಮಾರುವವನಾದರೆ ಡಿಸ್ಕ್ ಡ್ರೈವ್ ಇರುವ ಪಿಎಸ್5 ತಗೋ.

ಸೀರೀಸ್ ಎಸ್‌ಗೆ ಡ್ರೈವೇ ಇಲ್ಲ. 2017ರಲ್ಲಿ ಶುರುವಾದ ಮೈಕ್ರೋಸಾಫ್ಟ್‌ನ ಗೇಮ್ ಪಾಸ್‌ಗೆ ತಿಂಗಳ ಚಂದಾ ಕಟ್ಟಿ ಹತ್ತಾರು ಆಟ ಆಡುವ ಆಸೆಯಿದ್ದರೆ ಅದು ಚೆನ್ನ. ಆದರೆ ಆಟಗಳನ್ನೆಲ್ಲ ಡೌನ್‌ಲೋಡ್ ಮಾಡಬೇಕು, ಕೆಲವು ಆಟ 100 ಜಿಬಿ ದಾಟುತ್ತವೆ. ಮನೆಗೆ ಫೈಬರ್ ಇಂಟರ್ನೆಟ್ ಬೇಕು, ಮೊಬೈಲ್ ಹಾಟ್‌ಸ್ಪಾಟ್ ನಂಬಬೇಡ.

ಕರೆಂಟ್ ಹೋದರೂ ಸ್ವಿಚ್ ಬ್ಯಾಟರಿ ಮೇಲೆ ನಡೆಯುತ್ತದೆ, ಹುಬ್ಬಳ್ಳಿ ಬಸ್ಸಿನಲ್ಲೂ ಆಡಬಹುದು. ಆಟ ತುಂಬಿರುವ ಅದರ ಕಾರ್ಟ್ರಿಡ್ಜ್ ಅಂಚೆಚೀಟಿಯಷ್ಟು. ಮಕ್ಕಳು ನುಂಗದಿರಲೆಂದು ಕಹಿ ಲೇಪ ಹಚ್ಚಿದ್ದಾರೆ. ತಂಗಿಯೂ ಆಡುತ್ತಾಳೆಂದರೆ ನನ್ನ ಮನಸ್ಸು ಇದರ ಕಡೆಗೇ. ನಿಂಟೆಂಡೊ ಮಾತ್ರ ನಮ್ಮ ದೇಶದಲ್ಲಿ ಇದನ್ನು ತಾನೇ ಮಾರಲಿಲ್ಲ, ಕೆಟ್ಟರೆ ರಿಪೇರಿ ಯಾರು ಮಾಡಿಕೊಡುತ್ತಾರೆಂದು ಅಂಗಡಿಯವರನ್ನು ಕೇಳಿಯೇ ದುಡ್ಡು ಕೊಡು.