ಮೊದಲು ರೆಸ್ಟೋರೆಂಟು, ಆಮೇಲೆ ಕಾಲೇಜು: ಎರಡು ಅಡುಗೆಮನೆಗಳ ಹೋಲಿಕೆ

ಅಮೆರಿಕದಲ್ಲಿ ಅಡುಗೆಯನ್ನೇ ಕಸುಬು ಮಾಡಿಕೊಳ್ಳಲು ಹೊರಟಾಗ ನಾನು ಮೊದಲು ಸೇರಿದ್ದು ಒಂದು ರೆಸ್ಟೋರೆಂಟಿಗೆ. ಫೀಸು ಕಟ್ಟಿ ಕಲಿಯುವುದಕ್ಕಿಂತ ಸಂಬಳ ತಗೊಂಡು ಕಲಿಯುವುದೇ ಜಾಣತನ ಅನ್ನಿಸಿತ್ತು. ಎಂಟು ತಿಂಗಳಾದ ಮೇಲೆ ಕಮ್ಯುನಿಟಿ ಕಾಲೇಜಿನ (ಸ್ಥಳೀಯರಿಗಾಗಿ ಇರುವ ಎರಡು ವರ್ಷದ ಸಾರ್ವಜನಿಕ ಕಾಲೇಜು) ಕಲಿನರಿ ಆರ್ಟ್ಸ್, ಅಂದರೆ ಅಡುಗೆ ಕಲೆಯ, ಕೋರ್ಸಿಗೂ ಸೇರಿದೆ. ಎರಡೂ ಕಡೆ ಕೈ ಸುಟ್ಟುಕೊಂಡಾಗಿದೆ, ಈಗ ಹೇಳಬಹುದು.

ಕೈಗೆ ವೇಗ ಬರಬೇಕೆಂದರೆ ರೆಸ್ಟೋರೆಂಟೇ ಸರಿ, ಎರಡು ಮಾತಿಲ್ಲ. ದಿನಾ ಮೂಟೆಗಟ್ಟಲೆ ಈರುಳ್ಳಿ ಹೆಚ್ಚಿದರೆ ಚಾಕು ತಾನಾಗಿಯೇ ಮಾತು ಕೇಳುತ್ತದೆ. ಕಾಲೇಜಿನಲ್ಲೋ, ಒಂದು ಕ್ಯಾರೆಟ್ಟನ್ನು 3 ಮಿಲಿಮೀಟರಿನ ಚೌಕ ಚೂರು ಮಾಡಲು ಅರ್ಧ ಗಂಟೆ. ಮೇಷ್ಟ್ರು (ಅವರನ್ನೂ ಷೆಫ್ ಅಂತಲೇ ಕರೆಯಬೇಕು) ಸ್ಕೇಲ್ ಇಟ್ಟು ಅಳೆಯುತ್ತಿದ್ದರು. ಮೊದಲ ವಾರ ನಗು ಬಂತು. ನಾನು ಸರಸರ ಹೆಚ್ಚಿದ ತರಕಾರಿ ರೆಸ್ಟೋರೆಂಟಿನಲ್ಲಿ ಅರ್ಧ ಕರಗಿ ಅರ್ಧ ಹಸಿಯಾಗಿ ಉಳಿಯುತ್ತಿದ್ದುದು ಯಾಕೆಂದು ಹೊಳೆದ ಮೇಲೆ ನಗು ನಿಂತಿತು.

ದೊಡ್ಡ ವ್ಯತ್ಯಾಸ ಕಂಡದ್ದು ಹಾಲಂಡೇಸ್ ಸಾಸಿನಲ್ಲಿ. ಮೊಟ್ಟೆಯ ಹಳದಿ, ಬೆಣ್ಣೆ, ನಿಂಬೆರಸ ಅಷ್ಟೇ, ಆದರೆ ಬಲು ಮುನಿಸಿನದು. ರೆಸ್ಟೋರೆಂಟಿನಲ್ಲಿ ನನ್ನದು ಬೆಣ್ಣೆ ಬೇರೆಯಾಗಿ ಒಡೆದಾಗ ಪಕ್ಕದವನು ಬಟ್ಟಲು ಕಸಿದು ತೊಟ್ಟಿಗೆ ಸುರಿದು ತಾನೇ ಮಾಡಿದ. ಅವನ ತಪ್ಪಲ್ಲ, ಹೊರಗೆ ಜನ ಕಾಯುತ್ತಿದ್ದರು. ಆ ಕೆಲಸ ಮತ್ತೆ ನನ್ನ ಪಾಲಿಗೆ ಬರಲಿಲ್ಲ. ಕಾಲೇಜಿನಲ್ಲಿ ಒಡೆದಾಗ ಮೇಷ್ಟ್ರು ಎಲ್ಲರನ್ನೂ ಕರೆದು ತೋರಿಸಿದರು. ಬೇರೆ ಬಟ್ಟಲಿಗೆ ಇನ್ನೊಂದು ಹಳದಿ, ಒಂದು ಚಮಚ ಬಿಸಿನೀರು ಹಾಕಿಸಿ, ಒಡೆದದ್ದನ್ನು ಹನಿಹನಿಯಾಗಿ ಬಿಡುತ್ತಾ ಕಡೆಯಲು ಹೇಳಿದರು. ಕೂಡಿಕೊಂಡಿತು! ಉರಿ ಹೆಚ್ಚಾಗಿ ಮೊಟ್ಟೆಯೇ ಗಂಟು ಕಟ್ಟಿದ್ದರೆ ಮಾತ್ರ ಹೊಸದಾಗಿ ಮಾಡಬೇಕು. ಮೂರು ಸಲ ಕೆಡಿಸಿದ ಮೇಲೆ ಯಾವುದು ಯಾವುದೆಂದು ಕಣ್ಣಿಗೇ ತಿಳಿಯತೊಡಗಿತು. ಫೀಸು ಕಟ್ಟುವುದೇ ಹೀಗೆ ಕೆಡಿಸುವ ಹಕ್ಕಿಗೆ ಅನ್ನುವುದು ನನ್ನ ಲೆಕ್ಕ.

ಶುಚಿತ್ವದ ಪಾಠದಲ್ಲೂ ಕಾಲೇಜೇ ಮೇಲು. ರೆಸ್ಟೋರೆಂಟಿನಲ್ಲಿ ಕುದಿದ ಸ್ಟಾಕನ್ನು (ಮೂಳೆ, ತರಕಾರಿ ಬೇಯಿಸಿ ಸೋಸಿದ ರಸ) ಹಂಡೆ ಸಮೇತ ಫ್ರಿಜ್ಜಿಗೆ ತಳ್ಳುತ್ತಿದ್ದೆವು. ರೋಗಾಣು ಬೆಳೆಯದಿರಲು ಅದು 135 ಡಿಗ್ರಿ ಫ್ಯಾರನ್‌ಹೀಟಿನಿಂದ 2 ಗಂಟೆಯೊಳಗೆ 70ಕ್ಕೆ, ಒಟ್ಟು 6 ಗಂಟೆಯೊಳಗೆ 41ಕ್ಕೆ ಇಳಿಯಬೇಕು ಅಂತ ನಮಗ್ಯಾರೂ ಹೇಳಿರಲಿಲ್ಲ. ಈಗ ಅಗಲ ಟ್ರೇಗೆ ಸುರಿದು ಐಸಿನ ಮೇಲಿಡದೆ ನನಗೆ ಸಮಾಧಾನವಿಲ್ಲ.

ಕಾಲೇಜಿನ ಮೇಲೆ ದೂರಿಲ್ಲವೆಂದಲ್ಲ. ಅಸೋಸಿಯೇಟ್ ಡಿಗ್ರಿಗೆ (ಬ್ಯಾಚುಲರ್ ಪದವಿಗಿಂತ ಒಂದು ಮೆಟ್ಟಿಲು ಕೆಳಗಿನದು) ಸುಮಾರು 60 ಕ್ರೆಡಿಟ್, ಎರಡು ವರ್ಷ. ನಡುವೆ ಇಂಗ್ಲಿಷ್ ಪ್ರಬಂಧ, ಗಣಿತ. ಗಣಿತಕ್ಕೆ ಗೊಣಗಿದೆ, ಆದರೆ ಸಿಪ್ಪೆ ತೊಟ್ಟು ತೆಗೆದ ಮೇಲೆ ಉಳಿಯುವ ತೂಕಕ್ಕೆ ಬೆಲೆ ಕಟ್ಟುವುದನ್ನು ಕಲಿಸಿದ್ದೂ ಅದೇ. ಪ್ರಬಂಧಕ್ಕೆ ಇಂದಿಗೂ ಗೊಣಗುತ್ತೇನೆ.

ಖಾಸಗಿ ಅಡುಗೆ ಶಾಲೆಯೊಂದನ್ನೂ ನೋಡಿಬಂದೆ. ಫೀಸು ಕೇಳಿ ಎದ್ದು ಬಂದೆ.

ಯಾರಾದರೂ ಕೇಳಿದರೆ, ಮೊದಲು ಆರು ತಿಂಗಳು ರೆಸ್ಟೋರೆಂಟಿನಲ್ಲಿ ನಿಂತು ಬನ್ನಿ ಅನ್ನುತ್ತೇನೆ. ಕಾಲು ಒಪ್ಪಿದರೆ ಕಾಲೇಜಿಗೆ ಸೇರಿ. ನಾನೀಗ ಬೆಳಿಗ್ಗೆ ಕ್ಲಾಸು, ವಾರಾಂತ್ಯದ ರಾತ್ರಿ ಅದೇ ಹಳೆಯ ರೆಸ್ಟೋರೆಂಟು. ಹಾಲಂಡೇಸ್ ಕೆಲಸ ಇನ್ನೂ ಪಕ್ಕದವನದೇ.