ತಂದೆಯವರ ಎಂಜಿಬಿ ಮಾರಿಕೊಟ್ಟ ಸಂಸ್ಥೆಯ ಕೆಲಸದ ಬಗ್ಗೆ

ತಂದೆಯವರು ತೀರಿಕೊಂಡು ಹದಿನಾಲ್ಕು ತಿಂಗಳಾದ ಮೇಲೆ ಅವರ 1971ರ ಎಂಜಿಬಿ ರೋಡ್‌ಸ್ಟರ್ ಕಾರನ್ನು, ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಛಾವಣಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು, ನಾನೂ ನನ್ನ ತಂಗಿಯೂ ಸೇರಿ ಮಾರಿದೆವು. ಹಳೆಯ ಕಾರುಗಳನ್ನು ಮಾಲೀಕರ ಪರವಾಗಿ ತಮ್ಮಲ್ಲಿ ಇರಿಸಿಕೊಂಡು, ಓಡುವ ಸ್ಥಿತಿಗೆ ತಂದು, ಕಮಿಷನ್ ಪಡೆದು ಮಾರಿಕೊಡುವ ಸಂಸ್ಥೆಯೊಂದರ ಮೂಲಕ ಈ ಮಾರಾಟ ನಡೆಯಿತು. ಅವರ ಕೆಲಸದಲ್ಲಿ ಮನಸಾರೆ ಮೆಚ್ಚಬೇಕಾದ ಸಂಗತಿಗಳಿವೆ, ಗಟ್ಟಿಯಾಗಿ ಆಕ್ಷೇಪಿಸಬೇಕಾದ ಸಂಗತಿಗಳೂ ಇವೆ. ಆದ್ದರಿಂದ ಹೆಸರನ್ನು ಬಿಟ್ಟು, ಇಂಥ ಸೇವೆಗೆ ಹೆತ್ತವರ ಕಾರನ್ನು ಒಪ್ಪಿಸುವವರು ಏನನ್ನು ಕಣ್ಣಿಟ್ಟು ನೋಡಬೇಕು ಎಂಬುದನ್ನು ನಮ್ಮ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲು ಕಾರಿನ ವಿಷಯ. ಎಂಜಿಬಿ ಅಪರೂಪದ ಕಾರಲ್ಲ. 1962ರಲ್ಲಿ ಮಾರುಕಟ್ಟೆಗೆ ಬಂದು 1980ರವರೆಗೆ ಇಂಗ್ಲೆಂಡಿನ ಆ್ಯಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಈ ಮಾದರಿಯ ಕಾರುಗಳು, ಮುಚ್ಚಿದ ಛಾವಣಿಯ ಜಿಟಿಗಳನ್ನೂ ಸೇರಿಸಿ, 5 ಲಕ್ಷಕ್ಕೂ ಮಿಕ್ಕಿ ಹೊರಬಂದಿವೆ. ಇಷ್ಟು ಸಂಖ್ಯೆಯಲ್ಲಿ ಇರುವುದರಿಂದಲೇ ಇದರ ಬೆಲೆಯನ್ನು ವಿರಳತೆ ನಿರ್ಧರಿಸುವುದಿಲ್ಲ. ಕಾರಿನ ಒಡಲು ಎಷ್ಟು ಗಟ್ಟಿಯಾಗಿದೆ, ಅದು ಯಾರ ಕೈಯಲ್ಲಿ ಹೇಗೆ ಬಾಳಿದೆ, ಅದಕ್ಕೆ ಕಾಗದದ ಆಧಾರವೇನು ಎಂಬುದು ನಿರ್ಧರಿಸುತ್ತದೆ. ತಂದೆಯವರ ಕಾರು ಕ್ರೋಮ್ ಬಂಪರಿನದು. 1974ರ ಕೊನೆಯಲ್ಲಿ ಅಮೆರಿಕದ ನಿಯಮಗಳಿಗೆ ಹೊಂದಿಸಲು ಕಪ್ಪು ರಬ್ಬರ್ ಬಂಪರುಗಳನ್ನು ಹಾಕಿ ಕಾರಿನ ಎತ್ತರವನ್ನೂ ಹೆಚ್ಚಿಸಿದರು. ಅದಕ್ಕಿಂತ ಹಿಂದಿನವುಗಳನ್ನು ಕೊಳ್ಳುವವರು ಹೆಚ್ಚು ಬಯಸುತ್ತಾರೆ. 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಎರಡು ಎಸ್‌ಯು ಕಾರ್ಬ್ಯುರೇಟರ್, ತಂತಿ ಕಡ್ಡಿಗಳ ಚಕ್ರ, ವೇಗದಲ್ಲಿ ಹೋಗುವಾಗ ಎಂಜಿನ್ ಕಡಿಮೆ ಸುತ್ತು ತಿರುಗುವಂತೆ ಮಾಡುವ ಲೇಕಾಕ್ ಓವರ್‌ಡ್ರೈವ್. ತಂದೆಯವರು ಇಪ್ಪತ್ತೆರಡು ವರ್ಷ ಇದನ್ನು ತಮ್ಮ ಕೈಯಾರೆ ನೋಡಿಕೊಂಡಿದ್ದರು. ಕೊನೆಯ ಎರಡು ವರ್ಷ ಕಾಯಿಲೆಯಿಂದಾಗಿ ಕಾರು ಕದಲದೆ ನಿಂತಿತ್ತು.

ನಾವು ಮೂರು ಸಂಸ್ಥೆಗಳನ್ನು ವಿಚಾರಿಸಿದೆವು. ಒಂದು ಸಂಸ್ಥೆ ಫೋಟೋ ನೋಡಿಯೇ ಬೆಲೆ ಹೇಳಿತು. ಇನ್ನೊಂದು, ಕಾರಿಗೆ ಹೊಸ ಬಣ್ಣ ಹೊಡೆಸಿದರೆ ಮಾತ್ರ ತೆಗೆದುಕೊಳ್ಳುವುದಾಗಿ ತಿಳಿಸಿತು. ನಾವು ಆರಿಸಿಕೊಂಡ ಮೂರನೆಯದು ತನ್ನ ಹಿರಿಯ ಮೆಕ್ಯಾನಿಕನ್ನು ಮನೆಗೆ ಕಳಿಸಿತು. ಅವರು ಬಾನೆಟ್ ಎತ್ತುವ ಮೊದಲು ನೆಲದ ಮೇಲೆ ಮಲಗಿ ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ತಗಡಿನ ತೊಲೆಗಳನ್ನು, ಅಂದರೆ ಸಿಲ್‌ಗಳನ್ನು, ನೋಡಿದರು. ಎಂಜಿಬಿಗೆ ಪ್ರತ್ಯೇಕ ಛಾಸಿ (ಕೆಳಗಿನ ಚೌಕಟ್ಟು) ಇಲ್ಲ; ಒಡಲೇ ಇಡೀ ಭಾರವನ್ನು ಹೊರುತ್ತದೆ, ಮೇಲೆ ಛಾವಣಿಯ ಆಸರೆಯಿಲ್ಲದ ರೋಡ್‌ಸ್ಟರಿನಲ್ಲಂತೂ ಸಿಲ್‌ಗಳೇ ಬೆನ್ನೆಲುಬು. ಹೊರಗಿನ ತಗಡು ಥಳಥಳಿಸುತ್ತಿದ್ದರೂ ಒಳಗಿನ ಪದರ ತುಕ್ಕು ಹಿಡಿದು ಪುಡಿಯಾಗಿರಬಹುದು. ಅವರು ಕಾರನ್ನು ಜ್ಯಾಕಿನಿಂದ ಎತ್ತಿ, ಬಾಗಿಲಿಗೂ ಹಿಂದಿನ ತಗಡಿಗೂ ನಡುವಿನ ಸಂದು ಕಿರಿದಾಗುತ್ತದೆಯೇ ಎಂದು ಬೆರಳಿಟ್ಟು ಪರೀಕ್ಷಿಸಿದರು. ಕಿರಿದಾದರೆ ಒಡಲು ಬಾಗುತ್ತಿದೆ ಎಂದರ್ಥ. ಆಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಚಕ್ರಗಳ ಸುತ್ತಲಿನ ತಗಡಿನ ಮೇಲೆ ಆಡಿಸಿ, ಎಡಗಡೆ ಹಿಂದಿನ ಚಕ್ರದ ಬಳಿ ಅದು ಅಂಟದ ಅಂಗೈ ಅಗಲದ ಜಾಗವನ್ನು ತೋರಿಸಿದರು. ಅಲ್ಲಿ ಬಣ್ಣದ ಕೆಳಗಿದ್ದದ್ದು ಲೋಹವಲ್ಲ, ತಗ್ಗು ಮುಚ್ಚಲು ಹಚ್ಚುವ ಲಪ್ಪ (ಪುಟ್ಟಿ). ನಮಗೆ ಅದು ಗೊತ್ತೇ ಇರಲಿಲ್ಲ.

ಆಮೇಲೆ ಆ ಮೆಕ್ಯಾನಿಕ್ ಕೇಳಿದ ಪ್ರಶ್ನೆಯಿಂದ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು. “ಈ ಕಾರಿನ ಮುಂದಿನ ಹಳೆಯ ಗ್ರಿಲ್ ಎಲ್ಲಾದರೂ ಇದೆಯೇ, ನೋಡಿ” ಎಂದರು. 1970ರ ಮಾದರಿಯಿಂದ 1972ರವರೆಗಿನ ಎಂಜಿಬಿಗಳಿಗೆ ಒಳಕ್ಕೆ ತಗ್ಗಿದ ಕಪ್ಪು ಗ್ರಿಲ್ ಇತ್ತು. ಬಹಳ ಮಂದಿ ಅದನ್ನು ಇಷ್ಟಪಡದೆ ಹಿಂದಿನ ಮಾದರಿಯ ಕ್ರೋಮ್ ಗ್ರಿಲ್ ಹಾಕಿಸಿಕೊಂಡರು. ತಂದೆಯವರೂ ಹಾಗೆಯೇ ಮಾಡಿದ್ದರು. ಮೂಲದ ಗ್ರಿಲ್ ಅಟ್ಟದ ಮೇಲೆ ಹಳೆಯ ದುಪ್ಪಟಿಯಲ್ಲಿ ಸುತ್ತಿ ಹುರಿ ಕಟ್ಟಿದ ಹಾಗೆಯೇ ಸಿಕ್ಕಿತು. ಕಳಚಿದ ಭಾಗವನ್ನು ಎಸೆಯದೆ ಇಟ್ಟವರು ಬೇರೆ ಏನೇನನ್ನೋ ಇಟ್ಟಿರುತ್ತಾರೆ ಎಂದು ಅವರು ಹೇಳಿದ ಮೇಲೆ ಹುಡುಕಿದಾಗ, ಇಪ್ಪತ್ತೆರಡು ವರ್ಷಗಳ ರಸೀದಿಗಳ ಕಡತವೂ ಎರಡು ನೋಟುಪುಸ್ತಕಗಳೂ ದೊರೆತವು. ಪ್ರತಿ ಸಲ ಎಣ್ಣೆ ಬದಲಿಸಿದ ದಿನ, ಆಗಿನ ಓಡೋಮೀಟರಿನ ಅಂಕಿ, ಸ್ಪಾರ್ಕ್ ಪ್ಲಗ್ಗಿನ ಅಂತರ, ಕಾರ್ಬ್ಯುರೇಟರಿನ ಮೇಲ್ಭಾಗದ ಡ್ಯಾಶ್‌ಪಾಟ್ ಎಂಬ ಕೊಳವೆಗೆ ಎಣ್ಣೆ ಹಾಕಿದ್ದು, ಎಲ್ಲವೂ ಪೆನ್ಸಿಲಿನಲ್ಲಿ, ಅವರ ದುಂಡಗಿನ ಅಕ್ಷರಗಳಲ್ಲಿ. ಲಪ್ಪ ಹಚ್ಚಿದ ಜಾಗದ ಕಥೆಯೂ ಅದರಲ್ಲೇ ಇತ್ತು: ಗ್ಯಾರೇಜಿನ ಕಂಬಕ್ಕೆ ತಾಗಿದ್ದನ್ನು ತಾರೀಖಿನ ಸಮೇತ ಬರೆದಿಟ್ಟಿದ್ದರು.

ಕಾರನ್ನು ಒಪ್ಪಿಸುವ ಮುನ್ನ ದಾಖಲೆಗಳ ವಿಷಯದಲ್ಲಿ ಸಂಸ್ಥೆ ತೋರಿದ ಕಟ್ಟುನಿಟ್ಟು ಆಗ ನಮಗೆ ಕಿರಿಕಿರಿಯೆನಿಸಿತ್ತು. ಈಗ ಅದು ಸರಿಯೆಂದೇ ಹೇಳುತ್ತೇನೆ. ನೋಂದಣಿ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇರುವ ಕಾರನ್ನು ಜಾಹೀರಾತಿಗೆ ಹಾಕಲು ಅವರು ಒಪ್ಪಲಿಲ್ಲ. ವಾರಸುದಾರರೆಲ್ಲರೂ ಸಹಿ ಮಾಡಿದ ಒಪ್ಪಿಗೆ ಪತ್ರ ಕೇಳಿದರು, ತಂದೆಯವರ ವಿಮೆಯ ಕಂಪನಿಗೆ ಮರಣದ ವಿಷಯ ತಿಳಿಸಿ ಹೊಸದಾಗಿ ವಿಮೆ ಮಾಡಿಸಿದ ಮೇಲೆಯೇ ಸಾಗಣೆಯ ಗಾಡಿ ಕಳಿಸಿದರು. ಕಡತದಲ್ಲಿ ಯಾವುದನ್ನು ಕಾರಿನ ಜತೆ ಕೊಡುತ್ತೀರಿ, ಯಾವುದನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತೀರಿ ಎಂದು ಕರಾರಿಗೆ ಮುಂಚೆಯೇ ಕೇಳಿದ್ದು ನನ್ನ ತಂಗಿಯ ಮನಸ್ಸನ್ನು ಬಹಳ ಮುಟ್ಟಿತು. ಇದನ್ನು ಯಾರೂ ಕೇಳದಿದ್ದರೆ ನೋಟುಪುಸ್ತಕಗಳು ಕಾರಿನ ಡಿಕ್ಕಿಯಲ್ಲೇ ಹೊರಟುಹೋಗುತ್ತಿದ್ದವು. ಮೊದಲ ಪುಸ್ತಕವನ್ನು ನಾವು ಇಟ್ಟುಕೊಂಡು ಅದರ ಎಲ್ಲ ಪುಟಗಳ ಪ್ರತಿಯನ್ನು ಕೊಟ್ಟೆವು.

ತಯಾರಿಯ ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಬಣ್ಣ ಹೊಡೆಸಬೇಡಿ, ಸೀಟಿನ ಚರ್ಮ ಬದಲಿಸಬೇಡಿ ಎಂದು ಅವರೇ ತಡೆದರು. ಮಾರುವವರು ಹೊಸದಾಗಿ ಹೊಡೆಸಿದ ಬಣ್ಣದ ಕೆಳಗೆ ಏನು ಅಡಗಿದೆಯೋ ಎಂಬ ಅನುಮಾನ ಕೊಳ್ಳುವವರಿಗೆ ಸಹಜವಾಗಿಯೇ ಬರುತ್ತದೆ, ಖರ್ಚು ಮಾಡಿದ್ದು ಬೆಲೆಯಲ್ಲಿ ಹಿಂತಿರುಗುವುದು ಕಡಿಮೆ. ಬದಲಿಗೆ ಅವರು ಮಾಡಿದ್ದು ಓಡುವುದಕ್ಕೆ ಬೇಕಾದ ಕೆಲಸ: ಹಳಸಿದ ಪೆಟ್ರೋಲನ್ನು ಖಾಲಿ ಮಾಡಿ ಟ್ಯಾಂಕ್ ತೊಳೆದರು, ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರು ತಾಳುವುದಿಲ್ಲವಾದ್ದರಿಂದ ಇಂಧನದ ಕೊಳವೆಗಳನ್ನು ಬದಲಿಸಿದರು, ಗಾಳಿಯ ತೇವವನ್ನು ಹೀರಿಕೊಂಡಿದ್ದ ಬ್ರೇಕ್ ದ್ರವವನ್ನು ಪೂರ್ತಿ ತೆಗೆದು ಹೊಸದು ತುಂಬಿದರು, ನಿಂತಲ್ಲೇ ಅಂಟಿಕೊಂಡಿದ್ದ ಕ್ಲಚ್ ಬಿಡಿಸಿದರು. ಟಯರುಗಳ ಮೇಲಿನ ಗೀರುಗಳು ಚೆನ್ನಾಗಿಯೇ ಇದ್ದವು, ಆದರೆ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ; ನಮ್ಮವು 2309, ಅಂದರೆ 2009ರ 23ನೇ ವಾರದಲ್ಲಿ ತಯಾರಾದ ಹಳೆಯ ಟಯರುಗಳು. ಇವುಗಳನ್ನು ಬದಲಿಸುವುದೋ, ಹಾಗೆಯೇ ಬಿಟ್ಟು ಜಾಹೀರಾತಿನಲ್ಲಿ ಹೇಳುವುದೋ ಎಂಬ ನಿರ್ಧಾರವನ್ನು ನಮಗೆ ಬಿಟ್ಟರು. ಪರೀಕ್ಷೆಗೆಂದು ಅಪರಿಚಿತರು ಕುಳಿತು ಓಡಿಸುವ ಕಾರು ಇದು ಎಂದು ನಾವು ಬದಲಿಸಿದೆವು.

ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ಮೂಲ ದಾಖಲೆಗಳನ್ನು ಇಟ್ಟುಕೊಂಡು ಅವುಗಳ ಆಧಾರದ ಮೇಲೆ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತದೆ. ಸಂಸ್ಥೆಯೇ ಅದಕ್ಕೆ ಅರ್ಜಿ ಹಾಕಿ ತರಿಸಿತು. ಕಾರ್ಖಾನೆ ಕಾರಿಗೆ ಕೊಟ್ಟ ಸಂಖ್ಯೆಯ ಆರಂಭದ ಜಿಎಚ್‌ಎನ್5 ಎಂಬ ಅಕ್ಷರಗಳಲ್ಲಿ ‘ಜಿ’ ಎಂದರೆ ಎಂಜಿ, ‘ಎಚ್’ ಎಂದರೆ 1400ರಿಂದ 1999 ಸಿಸಿ ನಡುವಿನ ಎಂಜಿನ್, ‘ಎನ್’ ಎಂದರೆ ಎರಡು ಸೀಟಿನದು ಎಂದು ತಿಳಿದದ್ದು ಆಗಲೇ. ಕಾರು ಹುಟ್ಟಿದ್ದು ತಂದೆಯವರು ಉಳಿಸಿಕೊಂಡು ಬಂದ ಅದೇ ಕಡುಹಸಿರು ಬಣ್ಣದಲ್ಲಿ ಎಂದು ಪ್ರಮಾಣಪತ್ರದಲ್ಲಿ ಓದಿದಾಗ, ಅವರು ಇದ್ದಿದ್ದರೆ ಎಂದು ಅನಿಸದೆ ಇರಲಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು ಜಾಹೀರಾತಿನ ಬರವಣಿಗೆ. ಇಷ್ಟು ಜಾಗರೂಕತೆಯಿಂದ ಕಾರನ್ನು ಪರೀಕ್ಷಿಸಿದ ಸಂಸ್ಥೆಯ ಮಾರಾಟ ವಿಭಾಗ, ‘ಸಂಪೂರ್ಣ ಪುನರುಜ್ಜೀವನಗೊಂಡ ಕಾರು’ ಎಂದು ಬರೆದು ಪ್ರಕಟಿಸಿತು. ಅದು ಸುಳ್ಳು. ತಂದೆಯವರು ಕಾರನ್ನು ಎಂದೂ ಪೂರ್ತಿ ಬಿಚ್ಚಿ ಕಟ್ಟಿದವರಲ್ಲ. ಸವೆದದ್ದನ್ನು ಸವೆದಾಗ ಬದಲಿಸುತ್ತ ಬಂದವರು. ನಾನು ಅಂದೇ ತಿದ್ದಲು ಕೇಳಿದೆ, ತಿದ್ದುಪಡಿಗೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನಗಳಲ್ಲಿ ಇಬ್ಬರು ಕಾರು ನೋಡಲು ಬಂದು, ಸೀಟಿನ ಹೊಲಿಗೆ ಬಿಟ್ಟಿರುವುದನ್ನು ಕಂಡು ಬೇಸರದಿಂದ ಹಿಂತಿರುಗಿದರೆಂದು ಆಮೇಲೆ ತಿಳಿಯಿತು. ಇರುವುದನ್ನು ಇದ್ದ ಹಾಗೆ ಬರೆದಿದ್ದರೆ ಅವರು ಬೇಸರಪಡುವ ಕಾರಣವೇ ಇರಲಿಲ್ಲ, ತಂದೆಯವರ ಹೆಸರಿನ ಜತೆ ಒಂದು ಉತ್ಪ್ರೇಕ್ಷೆಯೂ ಅಂಟಿಕೊಳ್ಳುತ್ತಿರಲಿಲ್ಲ.

ಎರಡನೆಯದು ಇನ್ನೂ ಗಂಭೀರವಾದದ್ದು. ಕರಾರಿಗೆ ಸಹಿ ಹಾಕುವ ಮೊದಲು ಅವರು ಹೇಳಿದ ಅಂದಾಜು ಬೆಲೆ ಉಳಿದೆರಡು ಸಂಸ್ಥೆಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ಕಾರು ಅವರ ಅಂಗಳ ಸೇರಿ ಆರು ವಾರ ಕಳೆಯುತ್ತಿದ್ದಂತೆ ಕನಿಷ್ಠ ಬೆಲೆ ಇಳಿಸಿ ಎಂಬ ಕರೆಗಳು ಶುರುವಾದವು. ಅದೇ ಹೊತ್ತಿಗೆ, 60 ದಿನ ಮೀರಿದರೆ ನಿಲುಗಡೆ ಶುಲ್ಕ ಎಂಬ ಷರತ್ತು ಕರಾರಿನ ಹಿಂಬದಿಯಲ್ಲಿ ಇರುವುದು ನಮ್ಮ ಗಮನಕ್ಕೆ ಬಂತು. ಹೆಚ್ಚಿನ ಅಂದಾಜಿನಿಂದ ಕಾರನ್ನು ಸೆಳೆದು, ದಿನಗಳೆದಂತೆ ಶುಲ್ಕದ ಭಯದಿಂದ ಬೆಲೆಯನ್ನು ಇಳಿಸುವುದು ಸರಿಯಾದ ನಡತೆಯಲ್ಲ. ಹೆತ್ತವರನ್ನು ಕಳೆದುಕೊಂಡು, ಬೇಗ ಮುಗಿದರೆ ಸಾಕೆಂಬ ಮನಸ್ಸಿನಲ್ಲಿರುವವರ ಜತೆಗಂತೂ ಖಂಡಿತ ಅಲ್ಲ. ಸ್ವತಂತ್ರ ಮೌಲ್ಯಮಾಪಕರಿಂದ ಲಿಖಿತ ವರದಿಯನ್ನು ನಾವು ಮೊದಲೇ ಪಡೆಯಬೇಕಿತ್ತು. ಏಳನೆಯ ವಾರದಲ್ಲಿ ಪಡೆದೆವು. ಅದರಲ್ಲಿದ್ದ ಬೆಲೆ ಸಂಸ್ಥೆಯ ಮೊದಲ ಅಂದಾಜಿಗಿಂತ ಕಡಿಮೆ, ಅವರು ಇಳಿಸಲು ಹೇಳುತ್ತಿದ್ದ ಮಟ್ಟಕ್ಕಿಂತ ಸಾಕಷ್ಟು ಹೆಚ್ಚು. ವರದಿಯನ್ನು ಮುಂದಿಟ್ಟ ಮೇಲೆ ಕರೆಗಳು ನಿಂತವು, ನಿಲುಗಡೆ ಶುಲ್ಕವನ್ನೂ ಬಿಟ್ಟರು.

ಕೊನೆಗೆ ಕಾರು ಹೋದದ್ದು ಮೌಲ್ಯಮಾಪಕರು ಹೇಳಿದ ಬೆಲೆಗೆ ತೀರ ಹತ್ತಿರದಲ್ಲಿ. ಕೊಂಡವರು ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ ತೋರಿಸಬೇಕೆಂದು ಕೇಳಿದ್ದರು. ಬಿಸಿಯಾದ ಎಂಜಿನ್ ಹೊಗೆಯನ್ನೂ ಸದ್ದನ್ನೂ ಮರೆಮಾಚುತ್ತದೆ ಎಂದು ಬಲ್ಲವರು ಕೇಳುವುದೇ ಹೀಗೆ. ಹಿರಿಯ ಮೆಕ್ಯಾನಿಕ್ ಹಿಂದಿನ ಸಂಜೆಯಿಂದ ಕಾರನ್ನು ಮುಟ್ಟದೆ ಬಿಟ್ಟು, ಬೆಳಗ್ಗೆ ಚೋಕ್ ಎಳೆದು ಅವರೆದುರಿಗೇ ಚಾಲೂ ಮಾಡಿದರು. ಲಪ್ಪ ಹಚ್ಚಿದ ಜಾಗವನ್ನು ತಾವೇ ತೋರಿಸಿ, ನೋಟುಪುಸ್ತಕದ ಆ ಪುಟವನ್ನು ತೆರೆದಿಟ್ಟರು. ಆ ಪುಟವೇ ತಮ್ಮನ್ನು ಒಪ್ಪಿಸಿತೆಂದು ಕೊಂಡವರು ನನಗೆ ಪತ್ರ ಬರೆದರು. ಹಣ ಮೊದಲು ಸಂಸ್ಥೆಯ ಪ್ರತ್ಯೇಕ ಖಾತೆಗೆ ಬಂದು, ಕಾಗದಪತ್ರ ವರ್ಗಾವಣೆಯಾದ ಆರನೆಯ ದಿನ ಕಮಿಷನ್ ಕಳೆದು ನಮ್ಮ ಖಾತೆ ಸೇರಿತು. ಲೆಕ್ಕದ ಹಾಳೆಯಲ್ಲಿ ಒಂದೊಂದು ಖರ್ಚಿಗೂ ರಸೀದಿಯಿತ್ತು. ಎರಡು ಸಲ ಸೇರಿಹೋಗಿದ್ದ ಸಾಗಣೆ ವೆಚ್ಚವನ್ನು ತೋರಿಸಿದ ಕೂಡಲೇ ಹಿಂತಿರುಗಿಸಿದರು.

ಒಂದು ಕೊರತೆಯನ್ನು ಇಂಥ ಸೇವೆಗೆ ಹೋಗುವ ಎಲ್ಲರೂ ಮುಂಚಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು: ಬಿಡಿಭಾಗಗಳನ್ನು ಮಾರಿಕೊಡುವ ಕೆಲಸವನ್ನು ಈ ಸಂಸ್ಥೆ ಮುಟ್ಟುವುದಿಲ್ಲ. ತಂದೆಯವರು ಕೂಡಿಟ್ಟಿದ್ದ ಒಂದು ಸಿಲಿಂಡರ್ ಹೆಡ್, ಎರಡು ವೈಪರ್ ಮೋಟರ್, ಡಬ್ಬಿಗಟ್ಟಲೆ ಗ್ಯಾಸ್ಕೆಟ್ಟುಗಳು ಗ್ಯಾರೇಜಿನಲ್ಲಿಯೇ ಉಳಿದವು. ಎಂಜಿ ಮಾಲೀಕರ ಸಂಘವೊಂದನ್ನು ವಿಚಾರಿಸಿ ಎಂದು ಮೆಕ್ಯಾನಿಕ್ ಹೇಳಿದ್ದರು. ವಿಚಾರಿಸುವ ಮೊದಲೇ, ಓವರ್‌ಡ್ರೈವ್ 3ನೇ ಗೇರಿನಲ್ಲಿ ಹಿಡಿಯುತ್ತಿದೆ, 4ನೆಯದರಲ್ಲಿ ಹಿಡಿಯುತ್ತಿಲ್ಲ ಎಂದು ಕಾರು ಕೊಂಡವರ ಕರೆ ಬಂತು. ಮೊದಲ ನೋಟುಪುಸ್ತಕ ತೆಗೆದು ನೋಡಿದೆ. ಅದೇ ತೊಂದರೆಯನ್ನು ತಂದೆಯವರು ಬಹಳ ಹಿಂದೆ ಬರೆದುಕೊಂಡು, ಗೇರ್‌ಬಾಕ್ಸಿನ ಮೇಲಿನ ಸ್ವಿಚ್ಚಿನ ಕೆಳಗಿನ ವಾಷರುಗಳನ್ನು ಸರಿಪಡಿಸಿದ್ದನ್ನು ಪಕ್ಕದಲ್ಲಿ ಚಿತ್ರದ ಸಮೇತ ಗುರುತಿಸಿದ್ದರು. ಓದಿ ಹೇಳಿದೆ. ಮುಂದಿನ ಭಾನುವಾರ ಅವರು ಅದೇ ಕಾರಿನಲ್ಲಿ ಮನೆಗೆ ಬಂದು, ಬಿಡಿಭಾಗಗಳ ಪೆಟ್ಟಿಗೆಗಳನ್ನೂ ತುಂಬಿಕೊಂಡು ಹೋದರು.