ಮಕ್ಕಳ ತೂಕದ ಆರು ತಿಂಗಳ ಕಾರ್ಯಕ್ರಮ: ಐದಕ್ಕೆ ಮೂರೂವರೆ

ಮಗನಿಗೆ ಹತ್ತು ವರ್ಷ. ಕಳೆದ ಜೂನ್‌ನಲ್ಲಿ ಜ್ವರ ಅಂತ ತೋರಿಸಲು ಹೋದರೆ ಡಾಕ್ಟರು ತೂಕದ ಬಗ್ಗೆನೇ ಜಾಸ್ತಿ ಮಾತಾಡಿದರು. 138 ಸೆಂಟಿಮೀಟರ್ ಎತ್ತರ, 48 ಕಿಲೋ. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ, ಬಿಎಂಐ, 25 ದಾಟಿತ್ತು. ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಬೆಳವಣಿಗೆ ಚಾರ್ಟಿನ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟರು. ಚುಕ್ಕೆ ಎಲ್ಲ ಗೆರೆಗಳನ್ನೂ ದಾಟಿ ಮೇಲೆ ಕೂತಿತ್ತು.

ಈ ಕಾರ್ಯಕ್ರಮಕ್ಕೆ ಸೇರಿಸಿ ಅಂದಿದ್ದು ಅವರೇ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯದ್ದು. ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಬೈಯುವುದೂ ಸ್ವಲ್ಪ ಇದೆ. ಎರಡು ವಾರಕ್ಕೊಂದು ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ, ಒಂದು ಗಂಟೆ. ಒಟ್ಟು 12 ಸಲ. ಫೀಸು ₹9,000, ಪೂರ್ತಿ ಮೊದಲೇ ಕಟ್ಟಬೇಕು. ನನ್ನದು ಜೆರಾಕ್ಸ್ ಅಂಗಡಿ. ಶನಿವಾರ ಹನ್ನೊಂದು ಗಂಟೆ ಅಂದರೆ ನಮಗೆ ಸರಿಯಾದ ವ್ಯಾಪಾರದ ಹೊತ್ತು. ಸಂಜೆ ಬ್ಯಾಚ್ ಇದೆಯಾ ಅಂತ ಕೇಳಿದೆ, ಇಲ್ಲ ಅಂದರು.

ಮೊದಲ ದಿನವೇ ಬೇಜಾರಾಯಿತು. ತೂಕದ ಮೆಷಿನ್ ಇಟ್ಟಿದ್ದು ಕಾರಿಡಾರಿನಲ್ಲಿ. ನರ್ಸ್ ನಂಬರನ್ನು ಜೋರಾಗಿ ಕೂಗಿ ಹೇಳುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಸುತ್ತ ಏಳೆಂಟು ಮಕ್ಕಳು. ನನ್ನ ಮಗ ಬೆಲ್ಟ್ ಬಿಚ್ಚಿದ. ಜೇಬಿನಿಂದ ಕರ್ಚೀಫು, ಎರಡು ರೂಪಾಯಿಯ ಒಂದು ನಾಣ್ಯ ತೆಗೆದು ನನ್ನ ಕೈಗೆ ಕೊಟ್ಟು ಆಮೇಲೆ ಹತ್ತಿದ. ಆ ನಾಣ್ಯ ಹಿಡಿದುಕೊಂಡು ನಿಂತಾಗ ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ. ಕೊಟ್ಟ ಡಯಟ್ ಚಾರ್ಟೋ, ಪೂರ್ತಿ ಇಂಗ್ಲಿಷು. ಓಟ್ಸ್, ಬ್ರೊಕೊಲಿ. ಅಮ್ಮ ಅದನ್ನು ಫ್ರಿಜ್ ಮೇಲೆ ಇಟ್ಟರು, ಅದರ ಮೇಲೆ ಹಾಲಿನ ಕೂಪನ್ ಇಟ್ಟರು, ಅಲ್ಲಿಗೆ ಮುಗಿಯಿತು.

ದಸರಾ ಹೊತ್ತಿಗೆ ಸಾಲಾಗಿ ಮೂರು ಕ್ಲಾಸ್ ತಪ್ಪಿಸಿದೆವು. ಒಂದು ಸಲ ನೆಂಟರು, ಒಂದು ಸಲ ಮದುವೆ. ಮೂರನೆಯದಕ್ಕೆ ನಿಜ ಹೇಳಬೇಕಂದ್ರೆ ನಾಚಿಕೆ. ತೂಕ ಇಳಿದಿರಲಿಲ್ಲ, ಹೋಗಿ ಏನು ಹೇಳೋದು ಅಂತ. ಆಸ್ಪತ್ರೆಯಿಂದ ಮೆಸೇಜ್ ಬಂತು: ನಿಮ್ಮ ಮಗು ಗುರಿಗಿಂತ ಹಿಂದೆ ಇದೆ ಅಂತ. ಅದನ್ನು ಓದಿದ ಮೇಲೆ ಹೋಗುವ ಮನಸ್ಸು ಇನ್ನೂ ಕಮ್ಮಿಯಾಯಿತು.

ವಾಪಸ್ ಕರೆತಂದಿದ್ದು ಹೊಸದಾಗಿ ಬಂದ ಡಯಟಿಷಿಯನ್ ಮೇಡಂ. ಅವರೇ ಫೋನ್ ಮಾಡಿದರು. "ತೂಕ ನೋಡಲ್ಲ ಸರ್, ಸುಮ್ನೆ ಬನ್ನಿ. ಅಡುಗೆ ಯಾರು ಮಾಡ್ತಾರೋ ಅವರನ್ನ ಕರ್ಕೊಂಡು ಬನ್ನಿ." ನಮ್ಮ ಮನೆಯಲ್ಲಿ ಅಡುಗೆ ಅಮ್ಮನದು. ನಾಲ್ಕು ತಿಂಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಅಜ್ಜಿ, ಒಗ್ಗರಣೆಗೆ ಎಣ್ಣೆ ಯಾವುದರಲ್ಲಿ ಅಳೆದು ಹಾಕ್ತೀರಿ?"

"ಅಳೆಯೋದಾ? ಬಗ್ಗಿಸ್ತೀನಿ, ಸಾಕು ಅನ್ನಿಸಿದಾಗ ನಿಲ್ಲಿಸ್ತೀನಿ."

ಮೇಡಂ ನಕ್ಕರು, ಬೈಯಲಿಲ್ಲ. ಎಣ್ಣೆ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ, ಅಷ್ಟೇ ಅಂದರು. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಲೆಕ್ಕ. ನಾವು ಐದು ಜನ, ಎರಡೂವರೆ ಲೀಟರ್ ಸಾಕು. ಅಂಗಡಿಯಿಂದ ಮಾರ್ಕರ್ ತಂದುಕೊಟ್ಟೆ. ಮೊದಲ ತಿಂಗಳು ನಾಲ್ಕು ಲೀಟರ್ ಹತ್ತಿರ ಬಂತು. ಅಮ್ಮನಿಗೇ ಆಶ್ಚರ್ಯ. ಈಗ ಪ್ಯಾಕೆಟ್ ಮೇಲಿನ ತಾರೀಖನ್ನು ಪಕ್ಕದ ಮನೆಯವರಿಗೂ ತೋರಿಸುತ್ತಾರೆ.

ಮೇಡಂ ಇನ್ನೊಂದು ಮಾತೂ ಹೇಳಿದರು: ಇವನಿಗೆ ಮಾತ್ರ ಬೇರೆ ತಟ್ಟೆ ಹಾಕಬೇಡಿ. ಅಕ್ಕ ತೆಳ್ಳಗಿದ್ದಾಳೆ ಅಂತ ಅವಳಿಗೆ ಚಿಪ್ಸು, ಇವನಿಗೆ ಸೌತೆಕಾಯಿ ಕೊಟ್ಟರೆ ಯಾವ ಮಗು ಒಪ್ಪುತ್ತೆ ಅಲ್ವಾ? ಆಮೇಲೆ ನನ್ನ ಸರದಿ. ಟ್ಯೂಷನ್‌ನಿಂದ ಬರುವಾಗ ಬೇಕರಿ ಮುಂದೆ ಗಾಡಿ ನಿಲ್ಲಿಸುವುದು ಯಾರು ಅಂತ ಕೇಳಿದರು. ಮಗ ನನ್ನ ಮುಖ ನೋಡಿದ. ಪಫ್ಸ್ ಬೇಕಾಗಿದ್ದು ನನಗೆ, ಅವನು ಜೊತೆಗಾರ. ಈಗ ಗಾಡಿ ಬೇರೆ ರಸ್ತೆಯಲ್ಲಿ ಬರುತ್ತೆ. ವಾರಕ್ಕೊಂದು ಸಲ ಬೇಕರಿ ಇದ್ದೇ ಇದೆ, ಅದನ್ನು ಮೇಡಂಗೂ ಹೇಳಿದ್ದೇವೆ.

ಡಿಸೆಂಬರ್ ಕೊನೆಗೆ 141 ಸೆಂಟಿಮೀಟರ್, 47.5 ಕಿಲೋ. ಅರ್ಧ ಕಿಲೋಗೆ ಒಂಬತ್ತು ಸಾವಿರನಾ ಅಂತ ನನ್ನ ಭಾವ ನಕ್ಕ. ಆದರೆ ಬೆಳೆಯುವ ಮಕ್ಕಳಲ್ಲಿ ತೂಕ ಇಳಿಯಲೇಬೇಕು ಅಂತಿಲ್ಲ. ಅದು ಅಲ್ಲೇ ನಿಂತು ಎತ್ತರ ಏರಿದರೂ ಸಾಕು. ಬಿಎಂಐ 24ರ ಕೆಳಗೆ ಬಂದಿದೆ. ಇದನ್ನು ಮೊದಲ ದಿನವೇ ಹೇಳಿದ್ದರೆ ಆ ಮೂರು ಶನಿವಾರ ನಾವು ತಪ್ಪಿಸಿಕೊಳ್ಳುತ್ತಿರಲಿಲ್ಲ.

ಅಮೆರಿಕದ ಮಕ್ಕಳ ತಜ್ಞರ ಸಂಘದ 2023ರ ಮಾರ್ಗಸೂಚಿಯಲ್ಲಿ ಇಂಥ ಚಿಕಿತ್ಸೆಗೆ 3ರಿಂದ 12 ತಿಂಗಳಲ್ಲಿ ಕನಿಷ್ಠ 26 ಗಂಟೆ, ಅದೂ ಮನೆಯವರ ಜೊತೆ ಸೇರಿ ಅಂತ ಇದೆ. ಇಲ್ಲಿ ಸಿಕ್ಕಿದ್ದು 12 ಗಂಟೆ, ನಮ್ಮ ತಪ್ಪಿನಿಂದ 9. ಸಂಜೆ ಬ್ಯಾಚ್ ಮಾಡಿದರೆ ನನ್ನಂಥವರು ಇನ್ನೂ ಜಾಸ್ತಿ ಗಂಟೆ ಕೊಡುತ್ತೇವೆ.

ಒಂದೂವರೆ ಸ್ಟಾರ್ ಕಾರಿಡಾರಿಗೆ, ಮೆಸೇಜಿಗೆ ಕಳೆದಿದ್ದೇನೆ. ಮೆಷಿನ್ ಈಗ ಒಳಗೆ ಪರದೆ ಹಿಂದೆ ಹೋಗಿದೆ. ಚಾರ್ಟ್ ಇನ್ನೂ ಇಂಗ್ಲಿಷಿನಲ್ಲೇ ಇದೆ. ಸೇರುವವರು ಮೊದಲ ದಿನವೇ ಮನೆಯಲ್ಲಿ ಅಡುಗೆ ಮಾಡುವವರನ್ನು ಕರೆದುಕೊಂಡು ಹೋಗಿ. ಅವರು ಕರೆಯುವ ತನಕ ಕಾಯಬೇಡಿ.